ಉಳಿಯದೆಂದು ಗೊತ್ತಿದ್ದ ಠಾಣ್ಯಕ್ಕೆ ಎರಡು ಬೆಟಾಲಿಯನ್: ಹಾಂಗ್‌ಕಾಂಗ್, 1941

1941ರ ಜನವರಿ 7ರಂದು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ತಮ್ಮ ಸೇನಾ ಸಲಹೆಗಾರರಿಗೆ ಒಂದು ಚಿಕ್ಕ ಟಿಪ್ಪಣಿ ಬರೆದರು. ದೂರಪ್ರಾಚ್ಯದ ಬ್ರಿಟಿಷ್ ಪಡೆಗಳ ಮುಖ್ಯಸ್ಥರಾಗಿದ್ದ ಏರ್ ಚೀಫ್ ಮಾರ್ಷಲ್ ರಾಬರ್ಟ್ ಬ್ರೂಕ್-ಪೋಫಮ್ ಅವರು ಹಾಂಗ್‌ಕಾಂಗ್‌ನ ಕಾವಲುಪಡೆಗೆ ಇನ್ನಷ್ಟು ಸೈನಿಕರು ಬೇಕೆಂದು ಕೇಳಿದ್ದರು. ಇದು ಪೂರ್ತಿ ತಪ್ಪು ಎಂದು ಚರ್ಚಿಲ್ ಉತ್ತರಿಸಿದರು. ಜಪಾನ್ ಯುದ್ಧಕ್ಕಿಳಿದರೆ ಹಾಂಗ್‌ಕಾಂಗನ್ನು ಉಳಿಸಿಕೊಳ್ಳುವುದಾಗಲಿ ಅದರ ನೆರವಿಗೆ ಧಾವಿಸುವುದಾಗಲಿ ಸ್ವಲ್ಪವೂ ಸಾಧ್ಯವಿಲ್ಲ, ಅಲ್ಲಿ ಆಗಲಿರುವ ನಷ್ಟವನ್ನು ನಾವೇ ಹೆಚ್ಚಿಸಿಕೊಳ್ಳುವುದು ವಿವೇಕವಲ್ಲ, ಅಲ್ಲಿ ಈಗಿರುವುದಕ್ಕಿಂತ ಕಡಿಮೆ ಸೈನಿಕರಿದ್ದರೇ ಒಳ್ಳೆಯದಿತ್ತು ಎಂಬುದು ಅವರ ಮಾತಿನ ತಾತ್ಪರ್ಯ. ಅದೇ ವರ್ಷದ ಅಕ್ಟೋಬರ್ 27ರಂದು, ಹತ್ತು ತಿಂಗಳು ತುಂಬುವ ಮೊದಲೇ, ಕೆನಡಾದ ವ್ಯಾಂಕೂವರ್ ಬಂದರಿನಿಂದ ಆವಾಟೆಯಾ ಎಂಬ ಪ್ರಯಾಣಿಕರ ಹಡಗು ಪ್ರಿನ್ಸ್ ರಾಬರ್ಟ್ ಎಂಬ ಬೆಂಗಾವಲು ಹಡಗಿನೊಡನೆ ಹೊರಟಿತು. ಎರಡೂ ಹಡಗುಗಳಲ್ಲಿ ಒಟ್ಟು 1,975 ಮಂದಿ ಕೆನಡಿಯನ್ನರಿದ್ದರು, ಮತ್ತು ಅವರೆಲ್ಲರೂ ಹಾಂಗ್‌ಕಾಂಗ್‌ಗೆ ಹೊರಟಿದ್ದರು.

ಅವರು ನವೆಂಬರ್ 16ರಂದು ದಡ ಸೇರಿದರು. 22 ದಿನಗಳ ನಂತರ ಯುದ್ಧ ಆರಂಭವಾಯಿತು, 39 ದಿನಗಳ ನಂತರ ವಸಾಹತು ಶರಣಾಯಿತು. ಹೋದವರಲ್ಲಿ 550ಕ್ಕೂ ಹೆಚ್ಚು ಮಂದಿ ಊರಿಗೆ ಮರಳಲಿಲ್ಲ. ಉಳಿಯುವುದಿಲ್ಲವೆಂದು ಸರ್ಕಾರದ ಮುಖ್ಯಸ್ಥರೇ ಬರೆದಿಟ್ಟಿದ್ದ ಸ್ಥಳಕ್ಕೆ ಇಷ್ಟೊಂದು ಜನರನ್ನು ಕಳುಹಿಸಿದ್ದು ಹೇಗೆ? ಯಾರೋ ಒಬ್ಬರ ಮೂರ್ಖತನ ಅಥವಾ ಕ್ರೌರ್ಯ ಇದಕ್ಕೆ ಕಾರಣ ಎಂದು ಹೇಳಿಬಿಡುವುದು ಸುಲಭ, ಆದರೆ ದಾಖಲೆಗಳು ಹಾಗೆ ಹೇಳುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ತಮ್ಮ ಪಾಲಿನ ಚಿಕ್ಕ ನಿರ್ಧಾರವನ್ನು ಕೈಗೊಂಡರು. ಆ ಕ್ಷಣದಲ್ಲಿ ಪ್ರತಿಯೊಂದೂ ಒಪ್ಪತಕ್ಕದ್ದೇ ಎನಿಸಿತು. ಮೂಲ ಪ್ರಶ್ನೆಯನ್ನು ಕೇಳುವ ಹೊಣೆ ತನ್ನದು ಎಂದು ಯಾರೂ ತಿಳಿಯಲಿಲ್ಲ. ನಾನು ಈ ಪ್ರಸಂಗವನ್ನು ಮತ್ತೆ ಮತ್ತೆ ಓದಿದ್ದು ಈ ಕಾರಣಕ್ಕಾಗಿಯೇ.

ಮೊದಲು ಭೂಗೋಳವನ್ನು ನೋಡಬೇಕು. ಬ್ರಿಟಿಷರು 1841ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಹಿಡಿದರು, 1860ರಲ್ಲಿ ಎದುರಿನ ಕೌಲೂನ್ ಪರ್ಯಾಯದ್ವೀಪವನ್ನು ಪಡೆದರು, 1898ರಲ್ಲಿ ಅದರ ಹಿಂದಿನ ಗುಡ್ಡಗಾಡನ್ನು 99 ವರ್ಷಗಳ ಗುತ್ತಿಗೆಗೆ ತೆಗೆದುಕೊಂಡರು. ಗುಡ್ಡಗಳಿಂದಲೇ ತುಂಬಿದ ದ್ವೀಪ ಮತ್ತು ಮುಖ್ಯ ಭೂಮಿಯ ನಡುವಿನ ಜಲಮಾರ್ಗ ಅತಿ ಕಿರಿದಾದ ಕಡೆ ಅರ್ಧ ಕಿಲೋಮೀಟರಿನಷ್ಟೇ ಇದೆ. ಕೌಲೂನಿನಲ್ಲಿ ನಿಲ್ಲಿಸಿದ ಫಿರಂಗಿಗೆ ದ್ವೀಪದ ಉತ್ತರ ದಂಡೆಯೆಲ್ಲ ನೇರ ಗುರಿಯಾಗುತ್ತದೆ. 1938ರ ಅಕ್ಟೋಬರಿನಲ್ಲಿ ಜಪಾನಿ ಸೇನೆ ಕ್ಯಾಂಟನ್ (ಇಂದಿನ ಗುವಾಂಗ್‌ಝೌ) ನಗರವನ್ನು ವಶಪಡಿಸಿಕೊಂಡ ಮೇಲೆ ವಸಾಹತಿನ ಬೆನ್ನಿಗೇ ಶತ್ರು ಬಂದು ನಿಂತಂತಾಯಿತು. ಫಾರ್ಮೋಸಾ (ಇಂದಿನ ತೈವಾನ್) ಆಗಲೇ ಜಪಾನಿನದು, 1939ರಲ್ಲಿ ಹೈನಾನ್ ದ್ವೀಪವೂ ಅದರ ಕೈ ಸೇರಿತು. ಸಮೀಪದ ದೊಡ್ಡ ಬ್ರಿಟಿಷ್ ನೆಲೆಯಾದ ಸಿಂಗಪುರ 2,500 ಕಿಲೋಮೀಟರಿಗೂ ದೂರದಲ್ಲಿತ್ತು. ಚೀನಾದಿಂದ ಓಡಿಬಂದ ನಿರಾಶ್ರಿತರೂ ಸೇರಿ ಊರಿನಲ್ಲಿ 15 ಲಕ್ಷಕ್ಕೂ ಹೆಚ್ಚು ಜನರಿದ್ದರು, ಅವರ ಕುಡಿಯುವ ನೀರು ಜಲಾಶಯಗಳನ್ನು ಅವಲಂಬಿಸಿತ್ತು. ವಿಮಾನಪಡೆ ಎಂದರೆ ಕಾಯ್ ಟಾಕ್ ನಿಲ್ದಾಣದಲ್ಲಿದ್ದ ಐದು ಹಳೆಯ ವಿಮಾನಗಳು, ಅಷ್ಟೇ.

ಇಂತಹ ಸ್ಥಳದ ಬಗ್ಗೆ ಲಂಡನ್ನಿನ ನೀತಿ ಎರಡು ದೋಣಿಗಳಲ್ಲಿ ಕಾಲಿಟ್ಟಂತಿತ್ತು. 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಹಾಂಗ್‌ಕಾಂಗ್‌ನ ಕೋಟೆಕೊತ್ತಲಗಳನ್ನು ಬಲಪಡಿಸುವಂತಿರಲಿಲ್ಲ. ಒಪ್ಪಂದದ ಅವಧಿ 1936ರ ಕೊನೆಗೆ ಮುಗಿದಾಗ ಯೂರೋಪಿನಲ್ಲಿಯೇ ಯುದ್ಧದ ಮೋಡಗಳು ಕವಿದಿದ್ದವು. ಆದುದರಿಂದ ಹಾಂಗ್‌ಕಾಂಗನ್ನು ಒಂದು ಹೊರಠಾಣೆ ಎಂದು ಪರಿಗಣಿಸಿ, ಸಾಧ್ಯವಾದಷ್ಟು ಕಾಲ ಹಿಡಿದಿಟ್ಟುಕೊಳ್ಳಬೇಕು, ಆದರೆ ಅದಕ್ಕಾಗಿ ಹೆಚ್ಚಿನ ಬಲವನ್ನು ವೆಚ್ಚ ಮಾಡಬಾರದು ಎಂದು ತೀರ್ಮಾನವಾಯಿತು. ಬಿಟ್ಟುಹೋದರೆ ಸಾಮ್ರಾಜ್ಯದ ಮಾನ ಹೋಗುತ್ತದೆ, ಚೀನಾದ ವಿಶ್ವಾಸವೂ ಹೋಗುತ್ತದೆ. ಉಳಿಸಿಕೊಳ್ಳಲು ಬೇಕಾದ ಸೇನೆ ಇಲ್ಲ. ‘ಹೊರಠಾಣೆ’ ಎಂಬ ಪದ ಈ ಇಕ್ಕಟ್ಟಿಗೆ ಹೊದಿಸಿದ ಮುಸುಕಾಗಿತ್ತು. ಹೊರಠಾಣೆಯ ಸೈನಿಕರು ನೆರವು ಬರುವುದಿಲ್ಲವೆಂದು ತಿಳಿದೂ ಹೋರಾಡಬೇಕು ಎಂಬ ಅರ್ಥ ಆ ಪದದೊಳಗೇ ಅಡಗಿತ್ತು.

ಈ ನೀತಿ 1941ರ ಬೇಸಗೆಯಲ್ಲಿ ಸಡಿಲವಾಯಿತು. ಹಾಂಗ್‌ಕಾಂಗ್‌ನ ಸೇನಾಧಿಪತಿಯಾಗಿದ್ದ ಮೇಜರ್ ಜನರಲ್ ಎಡ್ವರ್ಡ್ ಗ್ರಾಸೆಟ್ ಅವರು ತಮ್ಮ ಅವಧಿ ಮುಗಿಸಿ ಇಂಗ್ಲೆಂಡಿಗೆ ಮರಳುವಾಗ ಕೆನಡಾದ ಮೂಲಕ ಹಾದುಹೋದರು. ಗ್ರಾಸೆಟ್ ಹುಟ್ಟಿದ್ದೇ ಕೆನಡಾದಲ್ಲಿ. ಕೆನಡಾ ಸೇನೆಯ ಮುಖ್ಯಸ್ಥ ಹ್ಯಾರಿ ಕ್ರೆರಾರ್ ಅವರೊಡನೆ ಒಂದೇ ಸೈನಿಕ ಶಾಲೆಯಲ್ಲಿ ಓದಿದವರು. ಆಗಸ್ಟ್‌ನಲ್ಲಿ ಒಟ್ಟಾವಾದಲ್ಲಿ ಹಳೆಯ ಸಹಪಾಠಿಗಳು ಮಾತನಾಡಿದರು. ಇನ್ನೆರಡು ಬೆಟಾಲಿಯನ್‌ಗಳು ಸಿಕ್ಕರೆ ಹಾಂಗ್‌ಕಾಂಗ್ ದೀರ್ಘ ಕಾಲದ ಮುತ್ತಿಗೆಯನ್ನು ತಾಳಿಕೊಳ್ಳಬಲ್ಲದು ಎಂದು ಗ್ರಾಸೆಟ್ ಹೇಳಿದರೆಂದೂ, ಆದರೆ ಅವು ಕೆನಡಾದಿಂದಲೇ ಬರಲಿ ಎಂದು ಕೇಳಲಿಲ್ಲವೆಂದೂ ಕ್ರೆರಾರ್ ಮುಂದೆ ಸಾಕ್ಷ್ಯ ನುಡಿದರು. ಲಂಡನ್ ತಲುಪಿದ ಗ್ರಾಸೆಟ್ ಸೆಪ್ಟೆಂಬರಿನ ಆರಂಭದಲ್ಲಿ ಸೇನಾ ಮುಖ್ಯಸ್ಥರ ಸಮಿತಿಯ ಮುಂದೆ ಇದೇ ವಾದವನ್ನಿಟ್ಟು, ಕೆನಡಾ ಈ ಪಡೆಗಳನ್ನು ಒದಗಿಸಬಹುದು ಎಂದು ಸೂಚಿಸಿದರು. ಸಮಿತಿ ಒಪ್ಪಿತು. ಜನವರಿಯಲ್ಲಿ ಅಷ್ಟು ಖಂಡಿತವಾಗಿ ನಿರಾಕರಿಸಿದ್ದ ಚರ್ಚಿಲ್ ಕೂಡ ಈ ಬಾರಿ ತಡೆಯಲಿಲ್ಲ.

ಸೆಪ್ಟೆಂಬರ್ 19ರಂದು ಒಟ್ಟಾವಾಕ್ಕೆ ಬಂದ ತಂತಿ ಸಂದೇಶವನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಇಡೀ ಪ್ರಸಂಗದ ಗಂಟು ಅದರಲ್ಲಿದೆ. ಹಾಂಗ್‌ಕಾಂಗ್ ಒಂದು ಹೊರಠಾಣೆ, ಅದರ ಕಾವಲನ್ನು ಹೆಚ್ಚಿಸುವುದರಿಂದ ಕಡೆಗೆ ಪ್ರಯೋಜನವಿಲ್ಲ ಎಂದು ಇದುವರೆಗೆ ಭಾವಿಸಿದ್ದೆವು ಎಂದು ಸಂದೇಶ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆಮೇಲೆ, ಪರಿಸ್ಥಿತಿ ಬದಲಾಗಿದೆ ಎನ್ನುತ್ತದೆ: ಮಲಯಾದ ರಕ್ಷಣೆ ಸುಧಾರಿಸಿದೆ, ಅಮೆರಿಕ ಮತ್ತು ಬ್ರಿಟನ್ ಬಗ್ಗೆ ಜಪಾನಿನ ಧೋರಣೆ ಸ್ವಲ್ಪ ಮೆತ್ತಗಾದಂತೆ ಕಾಣುತ್ತಿದೆ. ಒಂದೆರಡು ಬೆಟಾಲಿಯನ್‌ಗಳನ್ನು ಸೇರಿಸಿದರೆ ಅವುಗಳ ಸಂಖ್ಯೆಗೆ ಮೀರಿದ ಪರಿಣಾಮವಾಗುತ್ತದೆ, ವಸಾಹತಿನ ಜನರಿಗೆ ಧೈರ್ಯ ಬರುತ್ತದೆ, ಚೀನಾದ ನಾಯಕ ಚಿಯಾಂಗ್ ಕೈ-ಶೆಕ್ ಅವರಿಗೆ ಬ್ರಿಟನ್ನಿನ ಸಂಕಲ್ಪ ಮನವರಿಕೆಯಾಗುತ್ತದೆ ಎಂಬುದು ಮುಂದಿನ ಮಾತು. ಚರ್ಚಿಲ್ ಅವರ ಜನವರಿಯ ಟಿಪ್ಪಣಿಯ ಪ್ರಸ್ತಾಪ ಅದರಲ್ಲಿ ಇರಲಿಲ್ಲ. ಜಪಾನ್ ದಾಳಿ ಮಾಡಿದರೆ ಈ ಸೈನಿಕರ ಗತಿ ಏನಾಗುತ್ತದೆ ಎಂಬ ಮಾತೂ ಇರಲಿಲ್ಲ.

ಅಂದರೆ ಕೇಳಿದ್ದು ಯುದ್ಧಕ್ಕಾಗಿ ಸೈನ್ಯವನ್ನಲ್ಲ, ಯುದ್ಧ ಬಾರದಿರಲಿ ಎಂಬುದಕ್ಕಾಗಿ ಸೈನ್ಯವನ್ನು. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸುವವನು ಹಕ್ಕಿಗಳು ದೂರದಿಂದಲೇ ನೋಡಿ ಹಿಂದಿರುಗುತ್ತವೆ ಎಂದು ನಂಬಿರುತ್ತಾನೆ. ಹಕ್ಕಿಗಳು ಬಂದೇಬಿಟ್ಟರೆ ಬೊಂಬೆಯಿಂದ ಏನೂ ಆಗುವುದಿಲ್ಲ. ಇಲ್ಲಿ ನಿಲ್ಲಿಸಿದ್ದು ಬೊಂಬೆಗಳನ್ನಲ್ಲ, ಮನುಷ್ಯರನ್ನು. ಎದುರಾಳಿಯನ್ನು ತಡೆದು ನಿಲ್ಲಿಸುವ ಇಂತಹ ನೀತಿ ಫಲಿಸಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು: ಎದುರಾಳಿ ಇನ್ನೂ ಮನಸ್ಸು ಮಾಡಿರಬಾರದು, ಮತ್ತು ನಿಲ್ಲಿಸಿದ ಬಲ ಅವನ ಲೆಕ್ಕಾಚಾರವನ್ನು ಬದಲಿಸುವಷ್ಟು ದೊಡ್ಡದಿರಬೇಕು. 1941ರ ಶರತ್ಕಾಲದಲ್ಲಿ ಎರಡೂ ಇರಲಿಲ್ಲ. ಜುಲೈಯಲ್ಲಿ ಜಪಾನ್ ದಕ್ಷಿಣ ಇಂಡೋಚೀನಾವನ್ನು ಆಕ್ರಮಿಸಿದಾಗ ಅಮೆರಿಕ, ಬ್ರಿಟನ್ ಮತ್ತು ಡಚ್ಚರು ಅದರ ಆಸ್ತಿಗಳನ್ನು ಸ್ತಂಭನಗೊಳಿಸಿ ತೈಲದ ಸರಬರಾಜನ್ನು ನಿಲ್ಲಿಸಿದ್ದರು. ಸಂಗ್ರಹದಲ್ಲಿದ್ದ ತೈಲ ತೀರುವ ಮೊದಲು ಜಪಾನ್ ಹಿಂದೆ ಸರಿಯಬೇಕಾಗಿತ್ತು, ಇಲ್ಲವೇ ದಕ್ಷಿಣದ ತೈಲ ನೆಲಗಳನ್ನು ಬಲದಿಂದ ಹಿಡಿಯಬೇಕಾಗಿತ್ತು. ಸೆಪ್ಟೆಂಬರ್ 6ರಂದು ಚಕ್ರವರ್ತಿಯ ಸಮ್ಮುಖದ ಸಭೆಯಲ್ಲಿ ಯುದ್ಧ ಸಿದ್ಧತೆಗೆ ಒಪ್ಪಿಗೆ ಸಿಕ್ಕಿತು. ಅಕ್ಟೋಬರ್ 18ರಂದು ಜನರಲ್ ತೋಜೋ ಪ್ರಧಾನಿಯಾದರು. ನವೆಂಬರ್ 5ರಂದು ಯುದ್ಧದ ನಿರ್ಧಾರ ಗಟ್ಟಿಯಾದಾಗ ಆವಾಟೆಯಾ ಹೊನೊಲುಲು ದಾಟಿ ಮನಿಲಾದ ಕಡೆಗೆ ಸಾಗುತ್ತಿತ್ತು. ಜಪಾನಿನ ಧೋರಣೆ ಮೆತ್ತಗಾಗಿದೆ ಎಂದು ಲಂಡನ್ ಬರೆದದ್ದು, ಜಪಾನ್ ಯುದ್ಧದ ದಾರಿಯನ್ನು ಆರಿಸಿಕೊಳ್ಳುತ್ತಿದ್ದ ಅದೇ ವಾರಗಳಲ್ಲಿ.

ಒಟ್ಟಾವಾ ಈ ವಿನಂತಿಯನ್ನು ತೂಗಿ ನೋಡಿತೇ? ಪ್ರಧಾನಿ ಮೆಕೆಂಜಿ ಕಿಂಗ್ ಅವರ ಯುದ್ಧ ಸಮಿತಿ ಸೆಪ್ಟೆಂಬರ್ 23ರಂದು ಸಭೆ ಸೇರಿತು. ರಕ್ಷಣಾ ಸಚಿವ ರಾಲ್‌ಸ್ಟನ್ ಅಮೆರಿಕದಲ್ಲಿದ್ದುದರಿಂದ ಅವರ ಒಪ್ಪಿಗೆಯನ್ನು ದೂರದಿಂದಲೇ ಪಡೆಯಲಾಯಿತು. ಅವರ ಸ್ಥಾನದಲ್ಲಿದ್ದ ಸಚಿವ ಚಾರ್ಲ್ಸ್ ಪವರ್ ವಿನಂತಿಯ ಪರವಾಗಿದ್ದರು. ಸೆಪ್ಟೆಂಬರ್ 29ರಂದು ತಾತ್ವಿಕ ಒಪ್ಪಿಗೆಯ ತಂತಿ ಹೊರಟಿತು. ಹಾಂಗ್‌ಕಾಂಗ್‌ನ ರಕ್ಷಣೆ ಸಾಧ್ಯವೇ ಎಂಬ ಬಗ್ಗೆ ಕೆನಡಾ ಸೇನೆ ಸ್ವತಂತ್ರವಾಗಿ ಒಂದು ವಿಮರ್ಶೆಯನ್ನು ಸಿದ್ಧಪಡಿಸಲಿಲ್ಲ. ದೂರಪ್ರಾಚ್ಯದ ಗುಪ್ತ ಮಾಹಿತಿಗೆ ಅದು ಲಂಡನ್ನನ್ನೇ ನೆಚ್ಚಿಕೊಂಡಿತ್ತು. ಬ್ರಿಟನ್ ಒಂಟಿಯಾಗಿ ಹೋರಾಡಿ ದಣಿದಿದ್ದ ಕಾಲ. ಕೆನಡಾದ ಭೂಸೇನೆ ಎರಡು ವರ್ಷಗಳಾದರೂ ದೊಡ್ಡ ಕಾಳಗ ಕಂಡಿಲ್ಲ ಎಂಬ ಟೀಕೆ ಊರಿನಲ್ಲಿ ಕೇಳಿಬರುತ್ತಿತ್ತು. ಕೇಳಿದ್ದು ಬರಿಯ ಎರಡು ಬೆಟಾಲಿಯನ್. ಇಂತಹ ಹೊತ್ತಿನಲ್ಲಿ ‘ಇಲ್ಲ’ ಎನ್ನಲು ಗಟ್ಟಿಯಾದ ಕಾರಣ ಬೇಕಾಗಿತ್ತು, ಆ ಕಾರಣವನ್ನು ಹುಡುಕುವ ಕೆಲಸವನ್ನೇ ಯಾರಿಗೂ ಒಪ್ಪಿಸಿರಲಿಲ್ಲ. ಅವರನ್ನು ನಿರ್ದಯಿಗಳೆಂದು ಕರೆಯಲು ನನಗೆ ಮನಸ್ಸಾಗದು, ಏಕೆಂದರೆ ಪವರ್ ಅವರ ಸ್ವಂತ ಮಗ ಆ ಹಡಗಿನಲ್ಲಿ ಹೊರಟ ರಾಯಲ್ ರೈಫಲ್ಸ್‌ನ ಅಧಿಕಾರಿಯಾಗಿದ್ದ.

ಯಾವ ಬೆಟಾಲಿಯನ್‌ಗಳನ್ನು ಕಳುಹಿಸುವುದು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೂ ಇದೇ ಬಗೆಯದು. ಸೇನಾ ತರಬೇತಿಯ ನಿರ್ದೇಶಕರಾಗಿದ್ದ ಕರ್ನಲ್ ಜಾನ್ ಲಾಸನ್ ಅವರ ವಿಭಾಗವು ದೇಶದಲ್ಲಿದ್ದ ಬೆಟಾಲಿಯನ್‌ಗಳನ್ನು ತರಬೇತಿಯ ಮಟ್ಟಕ್ಕೆ ತಕ್ಕಂತೆ ಮೂರು ದರ್ಜೆಗಳಲ್ಲಿ ಪಟ್ಟಿ ಮಾಡಿತ್ತು. ಮೂರನೆಯ ದರ್ಜೆಯಲ್ಲಿದ್ದವು ಮರುತರಬೇತಿ ಬೇಕಾದ ಅಥವಾ ತರಬೇತಿ ಸಾಲದ, ಸದ್ಯಕ್ಕೆ ಕಾರ್ಯಾಚರಣೆಗೆ ಪರಿಗಣಿಸಬಾರದ ಪಡೆಗಳು. ಕ್ವಿಬೆಕ್ ನಗರದ ರಾಯಲ್ ರೈಫಲ್ಸ್ ಆಫ್ ಕೆನಡಾ ಮತ್ತು ಪಶ್ಚಿಮದ ವಿನ್ನಿಪೆಗ್ ಗ್ರೆನೇಡಿಯರ್ಸ್ ಎರಡೂ ಆ ದರ್ಜೆಯಲ್ಲಿದ್ದವು. ಕ್ರೆರಾರ್ ಆರಿಸಿದ್ದು ಅವುಗಳನ್ನೇ. ಯೂರೋಪಿಗಾಗಿ ಸಿದ್ಧವಾಗುತ್ತಿದ್ದ ಡಿವಿಜನ್‌ಗಳನ್ನು ಒಡೆಯುವುದು ಅವರಿಗೆ ಬೇಡವಾಗಿತ್ತು. ಈ ಎರಡು ಪಡೆಗಳಿಗೆ ನ್ಯೂಫೌಂಡ್‌ಲೆಂಡ್ ಮತ್ತು ಜಮೈಕಾದಲ್ಲಿ ಕಾವಲುಪಡೆಯಾಗಿ ನಿಂತ ಅನುಭವವಿತ್ತು. ಒಂದು ಪೂರ್ವದಿಂದ, ಮತ್ತೊಂದು ಪಶ್ಚಿಮದಿಂದ ಬಂದದ್ದರಿಂದ ದೇಶದ ಎರಡೂ ಕಡೆಗೆ ಪ್ರಾತಿನಿಧ್ಯ ದೊರೆಯುತ್ತಿತ್ತು. ಮಾಡಬೇಕಾದ ಕೆಲಸ ಕಾವಲು ಕಾಯುವುದಷ್ಟೇ ಆಗಿದ್ದರೆ ಈ ಆಯ್ಕೆ ತರ್ಕಬದ್ಧವೇ. ಯುದ್ಧ ಬಾರದು ಎಂಬ ಮೊದಲ ನಂಬಿಕೆ ಸುಳ್ಳಾದರೆ ಈ ಆಯ್ಕೆಯ ತರ್ಕವೂ ಕುಸಿಯುತ್ತದೆ ಎಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಲಾಸನ್ ಅವರಿಗೆ ಬ್ರಿಗೇಡಿಯರ್ ಹುದ್ದೆಗೆ ಬಡ್ತಿ ನೀಡಿ ಈ ಪಡೆಯ ನಾಯಕತ್ವವನ್ನು ಅವರಿಗೇ ವಹಿಸಲಾಯಿತು. ತಮ್ಮ ಪಟ್ಟಿಯೇ ಸಿದ್ಧವಿಲ್ಲವೆಂದು ಹೇಳಿದ್ದ ಜನರನ್ನು ಅವರು ಕರೆದುಕೊಂಡು ಹೋದರು.

ಸಂಖ್ಯೆ ತುಂಬಿಸಲು ಕೆಲವೇ ವಾರಗಳಲ್ಲಿ ನೂರಾರು ಹೊಸಬರನ್ನು ಸೇರಿಸಿಕೊಳ್ಳಲಾಯಿತು. ಅವರಲ್ಲಿ ಕೆಲವರು ನಿಗದಿಯಾದ 16 ವಾರಗಳ ತರಬೇತಿಯನ್ನೂ ಮುಗಿಸಿರಲಿಲ್ಲ. ಇನ್ನು ವಾಹನಗಳ ಕತೆ. ಪಡೆಗೆ ಮಂಜೂರಾಗಿದ್ದ 212 ವಾಹನಗಳನ್ನು ಡಾನ್ ಹೋಸೆ ಎಂಬ ಬೇರೆ ಸರಕು ಹಡಗಿಗೆ ಏರಿಸಲಾಯಿತು. ಅವುಗಳಲ್ಲಿ ಸುಮಾರು 20 ವಾಹನಗಳಿಗೆ ಆವಾಟೆಯಾದಲ್ಲಿಯೇ ಜಾಗವಿತ್ತು, ಆದರೆ ರೈಲಿನಲ್ಲಿ ಬಂದ ಆ ವಾಹನಗಳು ವ್ಯಾಂಕೂವರ್ ಮುಟ್ಟುವ ಹೊತ್ತಿಗೆ ಹಡಗು ಹೊರಟುಹೋಗಿತ್ತು. ನವೆಂಬರಿನಲ್ಲಿ ಹೊರಟ ಡಾನ್ ಹೋಸೆ ಯುದ್ಧ ಸಿಡಿದಾಗ ಇನ್ನೂ ದಾರಿಯಲ್ಲಿತ್ತು. ಅದನ್ನು ಮನಿಲಾಕ್ಕೆ ತಿರುಗಿಸಲಾಯಿತು. ಹಾಂಗ್‌ಕಾಂಗ್‌ನ ಕಡಿದಾದ ಗುಡ್ಡಗಳಲ್ಲಿ ಕೆನಡಿಯನ್ನರು ಮದ್ದುಗುಂಡು, ಆಹಾರ, ಗಾಯಾಳು ಎಲ್ಲವನ್ನೂ ಹೆಗಲ ಮೇಲೆ ಹೊತ್ತು ನಡೆದದ್ದಕ್ಕೆ ಇದು ಮುಖ್ಯ ಕಾರಣ.

ಗ್ರಾಸೆಟ್ ಅವರ ನಂತರ ಹಾಂಗ್‌ಕಾಂಗ್‌ನ ಸೇನಾಧಿಪತಿಯಾಗಿ ಬಂದವರು ಭಾರತೀಯ ಸೇನೆಯ ಮೇಜರ್ ಜನರಲ್ ಕ್ರಿಸ್ಟೋಫರ್ ಮಾಲ್ಟ್‌ಬಿ. ಅವರ ಕೈಕೆಳಗೆ ಎರಡು ಬ್ರಿಟಿಷ್ ಬೆಟಾಲಿಯನ್‌ಗಳು, ಎರಡು ಭಾರತೀಯ ಬೆಟಾಲಿಯನ್‌ಗಳು (ಏಳನೆಯ ರಜಪೂತ್ ರೆಜಿಮೆಂಟಿನ ಐದನೆಯ ಬೆಟಾಲಿಯನ್ ಮತ್ತು ಹದಿನಾಲ್ಕನೆಯ ಪಂಜಾಬ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್), ಬಹುಪಾಲು ಸಿಖ್ ಮತ್ತು ಪಂಜಾಬಿ ಮುಸ್ಲಿಂ ಗೋಲಂದಾಜರಿದ್ದ ಫಿರಂಗಿದಳ, ಮತ್ತು ಊರಿನವರ ಸ್ವಯಂಸೇವಕ ದಳ ಇದ್ದವು. ಕೆನಡಿಯನ್ನರ ಬರವು ಮಾಲ್ಟ್‌ಬಿ ಅವರ ಯೋಜನೆಯನ್ನೇ ಬದಲಿಸಿತು. ಇದು ಸಾಮಾನ್ಯವಾಗಿ ಚರ್ಚೆಗೆ ಬಾರದ, ಆದರೆ ಬಹಳ ಮುಖ್ಯವಾದ ಸಂಗತಿ. ಹಿಂದೆ ಮುಖ್ಯ ಭೂಮಿಯಲ್ಲಿ ಒಂದು ಬೆಟಾಲಿಯನ್ ಶತ್ರುವನ್ನು ತುಸು ತಡಮಾಡಿ ಹಿಂದಕ್ಕೆ ಬರಬೇಕು, ಉಳಿದ ಬಲವೆಲ್ಲ ದ್ವೀಪದಲ್ಲಿರಬೇಕು ಎಂಬ ಯೋಜನೆಯಿತ್ತು. ಈಗ ದ್ವೀಪವನ್ನು ಕೆನಡಿಯನ್ನರು ನೋಡಿಕೊಳ್ಳುವುದರಿಂದ ಮೂರು ಬೆಟಾಲಿಯನ್‌ಗಳನ್ನು ಮುಖ್ಯ ಭೂಮಿಯ ಜಿನ್ ಡ್ರಿಂಕರ್ಸ್ ಲೈನ್ ಎಂಬ ರಕ್ಷಣಾ ಸಾಲಿನಲ್ಲಿ ನಿಲ್ಲಿಸಲಾಯಿತು. 1930ರ ದಶಕದಲ್ಲಿ ಕಟ್ಟಲು ತೊಡಗಿ ಅರ್ಧಕ್ಕೇ ಬಿಟ್ಟ ಆ ಸಾಲಿನ ಉದ್ದ ಸುಮಾರು 18 ಕಿಲೋಮೀಟರ್. ಅದನ್ನು ಭದ್ರವಾಗಿ ಹಿಡಿಯಲು ಇದರ ಹಲವು ಪಟ್ಟು ಸೈನಿಕರು ಬೇಕಾಗಿತ್ತು. ಹೀಗೆ ಬಂದ ಅಲ್ಪ ನೆರವು, ಅದಕ್ಕಿಂತ ದೊಡ್ಡ ಭಾರವನ್ನು ಹೊರುವ ಆಸೆಯನ್ನು ಹುಟ್ಟಿಸಿತು.

ಡಿಸೆಂಬರ್ 8ರ ಬೆಳಗ್ಗೆ ಜಪಾನಿ ವಿಮಾನಗಳು ಕಾಯ್ ಟಾಕ್ ಮೇಲೆರಗಿದವು. ಐದು ವಿಮಾನಗಳ ವಿಮಾನಪಡೆ ಕೆಲವೇ ನಿಮಿಷಗಳಲ್ಲಿ ನಿಷ್ಕ್ರಿಯವಾಯಿತು. ಜಪಾನಿನ 38ನೆಯ ಡಿವಿಜನ್ ಗಡಿ ದಾಟಿತು. ಜಪಾನಿಯರು ರಾತ್ರಿ ಯುದ್ಧದಲ್ಲಿ ನಿಪುಣರಲ್ಲ ಎಂಬ ನಂಬಿಕೆ ಬ್ರಿಟಿಷ್ ವಲಯದಲ್ಲಿ ಬಲವಾಗಿತ್ತು. ಕರ್ನಲ್ ದೋಯಿ ಅವರ ರೆಜಿಮೆಂಟು ಡಿಸೆಂಬರ್ 9ರ ರಾತ್ರಿಯೇ ರಕ್ಷಣಾ ಸಾಲಿನ ಕೀಲಿಯಂತಿದ್ದ ಶಿಂಗ್ ಮುನ್ ಕೋಟೆಯನ್ನು ಕತ್ತಲಲ್ಲಿ ಹತ್ತಿ ವಶಪಡಿಸಿಕೊಂಡಿತು. ಅಲ್ಲಿ ಕಾವಲಿದ್ದವರು ಕೆಲವೇ ಡಜನ್ ಸೈನಿಕರು. ಆ ಮೇಲೆ ಸಾಲು ನಿಲ್ಲಲಿಲ್ಲ. ಡಿಸೆಂಬರ್ 13ರ ಬೆಳಗಿನ ಹೊತ್ತಿಗೆ ಕಡೆಯ ರಜಪೂತ್ ತುಕಡಿಯೂ ಜಲಮಾರ್ಗ ದಾಟಿ ದ್ವೀಪ ಸೇರಿತು. ಶರಣಾಗುವಂತೆ ಜಪಾನಿಯರು ಎರಡು ಬಾರಿ ಹೇಳಿಕಳುಹಿಸಿದರು. ಗವರ್ನರ್ ಮಾರ್ಕ್ ಯಂಗ್ ಎರಡು ಬಾರಿಯೂ ನಿರಾಕರಿಸಿದರು.

ದ್ವೀಪದ ರಕ್ಷಣೆಗಾಗಿ ಪಡೆಗಳನ್ನು ಪೂರ್ವ ಮತ್ತು ಪಶ್ಚಿಮ ಎಂದು ಎರಡು ಬ್ರಿಗೇಡ್‌ಗಳಾಗಿ ಮರುಜೋಡಿಸಲಾಯಿತು. ಈ ಮರುಜೋಡಣೆಯಲ್ಲಿ ಕೆನಡಾದ ಪಡೆ ಒಡೆಯಿತು: ಗ್ರೆನೇಡಿಯರ್ಸ್ ಲಾಸನ್ ಅವರ ಪಶ್ಚಿಮ ಬ್ರಿಗೇಡಿನಲ್ಲಿ ಉಳಿದರು, ರಾಯಲ್ ರೈಫಲ್ಸ್ ಭಾರತೀಯ ಸೇನೆಯ ಬ್ರಿಗೇಡಿಯರ್ ವಾಲಿಸ್ ಅವರ ಪೂರ್ವ ಬ್ರಿಗೇಡಿಗೆ ಸೇರಿದರು. ನಾಲ್ಕು ವಾರಗಳ ಹಿಂದಷ್ಟೇ ಬಂದ, ನೆಲದ ಏರಿಳಿತಗಳ ಪರಿಚಯವೂ ಆಗಿರದ ಸೈನಿಕರು ತಮ್ಮನ್ನು ತಿಳಿಯದ ಅಧಿಕಾರಿಯ ಆಜ್ಞೆಯಂತೆ ಹೋರಾಡಬೇಕಾಯಿತು. ವಾಲಿಸ್ ಮತ್ತು ರಾಯಲ್ ರೈಫಲ್ಸ್‌ನ ಅಧಿಕಾರಿಗಳ ನಡುವಿನ ಕಹಿ ಯುದ್ಧ ಮುಗಿದ ಮೇಲೂ ಉಳಿಯಿತು.

ಡಿಸೆಂಬರ್ 18ರ ರಾತ್ರಿ ಜಪಾನಿಯರು ದ್ವೀಪದ ಈಶಾನ್ಯ ದಂಡೆಗೆ ದಾಟಿದರು. ಆ ದಂಡೆಯನ್ನು ಕಾಯುತ್ತಿದ್ದವರು, ಮುಖ್ಯ ಭೂಮಿಯ ಕಾಳಗದಿಂದ ದಣಿದು ಬಂದಿದ್ದ ರಜಪೂತರು. ಉರಿಯುತ್ತಿದ್ದ ತೈಲ ಸಂಗ್ರಹಗಳ ಹೊಗೆಯ ಮರೆಯಲ್ಲಿ ಮೂರು ರೆಜಿಮೆಂಟುಗಳು ಬಂದಿಳಿದವು. ಒಂದೇ ಬೆಟಾಲಿಯನ್ ಅವುಗಳನ್ನೆಲ್ಲ ಎದುರಿಸಿ, ಆ ಒಂದು ರಾತ್ರಿಯಲ್ಲಿ ಹೆಚ್ಚುಕಡಿಮೆ ನಾಶವಾಯಿತು. ಕೆನಡಾದವರ ಕತೆ ಬೇಕಾದಷ್ಟು ಬರೆಯಲ್ಪಟ್ಟಿದೆ, ರಜಪೂತರ ಆ ರಾತ್ರಿಯ ಬಗ್ಗೆ ನಮ್ಮ ದೇಶದಲ್ಲಿಯೇ ಬಹಳ ಕಡಿಮೆ ಜನರಿಗೆ ಗೊತ್ತು. ಇದು ನನ್ನನ್ನು ಬಹಳ ಕಾಡಿದೆ.

ದ್ವೀಪದ ನಡುವೆ ಉತ್ತರ-ದಕ್ಷಿಣವಾಗಿ ಹಾಯುವ ವಾಂಗ್ ನೇ ಚಾಂಗ್ ಕಣಿವೆದಾರಿಯೇ ಕಾಳಗದ ತಿರುವಾಯಿತು. ಅದು ಕೈಬಿಟ್ಟರೆ ದ್ವೀಪ ಇಬ್ಭಾಗವಾಗುತ್ತದೆ. ಲಾಸನ್ ಅವರ ಕೇಂದ್ರಸ್ಥಾನ ಅಲ್ಲಿಯೇ ಇತ್ತು. ಡಿಸೆಂಬರ್ 19ರ ಬೆಳಗ್ಗೆ ಸುಮಾರು 10 ಗಂಟೆಗೆ, ಶತ್ರು ಸುತ್ತುವರಿದು ಹತ್ತಿರದಿಂದಲೇ ಗುಂಡು ಹಾರಿಸುತ್ತಿದ್ದಾರೆ, ತಾನು ಹೊರಗೆ ಹೋಗಿ ಹೋರಾಡುತ್ತೇನೆ ಎಂದು ಲಾಸನ್ ಮಾಲ್ಟ್‌ಬಿ ಅವರಿಗೆ ತಿಳಿಸಿದರು. ಅವರು ಹೊರಗೆ ಬಂದು ಹೋರಾಡುತ್ತಲೇ ಸತ್ತರು. ಅದೇ ದಿನ ಮೇಲಿನ ಗುಡ್ಡದಲ್ಲಿ ಗ್ರೆನೇಡಿಯರ್ಸ್‌ನ ಕಂಪನಿ ಸಾರ್ಜೆಂಟ್ ಮೇಜರ್ ಜಾನ್ ಆಸ್ಬಾರ್ನ್, ಶತ್ರುಗಳು ಎಸೆಯುತ್ತಿದ್ದ ಕೈಬಾಂಬುಗಳನ್ನು ಹೆಕ್ಕಿ ತಿರುಗಿ ಎಸೆಯುತ್ತಿದ್ದರು. ಕೈಗೆ ನಿಲುಕದ ಕಡೆ ಒಂದು ಬಿದ್ದಾಗ ಸಂಗಡಿಗರನ್ನು ಎಚ್ಚರಿಸಿ ತಾವೇ ಅದರ ಮೇಲೆ ಮಲಗಿದರು. ಸಿದ್ಧವಿಲ್ಲವೆಂದು ದರ್ಜೆ ಕೊಟ್ಟಿದ್ದ ಈ ಬೆಟಾಲಿಯನ್ನಿನ ಒಂದು ಕಂಪನಿ, ಕಣಿವೆದಾರಿಯ ಪಕ್ಕದ ಕಟ್ಟಡಗಳಲ್ಲಿ ಡಿಸೆಂಬರ್ 22ರ ಬೆಳಗಿನವರೆಗೆ, ಮದ್ದುಗುಂಡು ತೀರುವ ತನಕ ನಿಂತಿತು. ಆ ಸುತ್ತಿನ ಕಾಳಗದಲ್ಲಿ ಜಪಾನಿನ ಕರ್ನಲ್ ಶೋಜಿ ಅವರ ರೆಜಿಮೆಂಟು ಸುಮಾರು 800 ಮಂದಿ ಸತ್ತ ಮತ್ತು ಗಾಯಗೊಂಡವರ ನಷ್ಟ ಅನುಭವಿಸಿತು. ತರಬೇತಿ ಸಾಲದ್ದು ನಿಜ, ಆದರೆ ಸೋಲನ್ನು ಅವರ ತರಬೇತಿಯ ಕೊರತೆಯ ಮೇಲೆ ಹೊರಿಸುವವರು ಈ ಮೂರು ದಿನಗಳನ್ನು ಗಮನಿಸಬೇಕು. ತರಬೇತಿ ಪಡೆದ ಬೆಟಾಲಿಯನ್‌ಗಳಿಂದಲೂ ದ್ವೀಪ ಉಳಿಯುತ್ತಿರಲಿಲ್ಲ.

ಡಿಸೆಂಬರ್ 21ರಂದು ಚರ್ಚಿಲ್ ಅವರಿಂದ ಗವರ್ನರಿಗೆ ಸಂದೇಶ ಬಂತು: ಶರಣಾಗತಿಯ ಯೋಚನೆ ಬೇಡ, ದ್ವೀಪದ ಪ್ರತಿಯೊಂದು ಭಾಗಕ್ಕಾಗಿಯೂ ಹೋರಾಡಬೇಕು. ಜನವರಿಯಲ್ಲಿ ಉಳಿಸಲಾಗದೆಂದು ಬರೆದ ಕೈ ಡಿಸೆಂಬರಿನಲ್ಲಿ ಇದನ್ನು ಬರೆಯಿತು. ಆ ಹೊತ್ತಿಗೆ ಜಲಾಶಯಗಳು ಶತ್ರುವಿನ ಕೈಸೇರಿ ಊರಿನಲ್ಲಿ ನೀರಿಗೆ ಹಾಹಾಕಾರ ಎದ್ದಿತ್ತು. ಕ್ರಿಸ್ಮಸ್ ದಿನ ಸ್ಟ್ಯಾನ್ಲಿ ಪರ್ಯಾಯದ್ವೀಪದಲ್ಲಿ ರಾಯಲ್ ರೈಫಲ್ಸ್‌ನ ಒಂದು ಕಂಪನಿಗೆ, ಫಿರಂಗಿಗಳ ಬೆಂಬಲವಿಲ್ಲದೆ, ಹಗಲು ಬೆಳಕಿನಲ್ಲಿ ಮರುದಾಳಿ ನಡೆಸುವಂತೆ ಆಜ್ಞೆಯಾಯಿತು. ನೂರರಷ್ಟು ಮಂದಿ ಸತ್ತರು ಅಥವಾ ಗಾಯಗೊಂಡರು. ಅದೇ ದಿನ ಬೆಳಗ್ಗೆ ಆಸ್ಪತ್ರೆಯಾಗಿ ಮಾರ್ಪಟ್ಟಿದ್ದ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ನುಗ್ಗಿದ ಜಪಾನಿ ಸೈನಿಕರು ಹಾಸಿಗೆಯಲ್ಲಿದ್ದ ಗಾಯಾಳುಗಳನ್ನು ಇರಿದು ಕೊಂದರು, ದಾದಿಯರ ಮೇಲೆ ಅತ್ಯಾಚಾರ ನಡೆಸಿ ಕೆಲವರನ್ನು ಕೊಂದುಹಾಕಿದರು. ಮಧ್ಯಾಹ್ನ ಮಾಲ್ಟ್‌ಬಿ ಇನ್ನು ಹೋರಾಟ ಸಾಧ್ಯವಿಲ್ಲವೆಂದು ಗವರ್ನರಿಗೆ ತಿಳಿಸಿದರು. ಸಂಜೆ ಕೌಲೂನಿನ ಪೆನಿನ್ಸುಲಾ ಹೋಟೆಲಿನಲ್ಲಿ ಶರಣಾಗತಿ ನಡೆಯಿತು. ಲಿಖಿತ ಆಜ್ಞೆ ಇಲ್ಲದೆ ನಂಬಲೊಲ್ಲದ ಸ್ಟ್ಯಾನ್ಲಿಯ ಪಡೆ ನಡುರಾತ್ರಿ ಕಳೆದ ಮೇಲಷ್ಟೇ ಆಯುಧ ಕೆಳಗಿಟ್ಟಿತು.

ಹದಿನೆಂಟು ದಿನಗಳ ಕಾಳಗದಲ್ಲಿ 290 ಕೆನಡಿಯನ್ನರು ಸತ್ತರು, 493 ಮಂದಿ ಗಾಯಗೊಂಡರು. ಬಹುತೇಕ ಅಷ್ಟೇ ಮಂದಿಯನ್ನು, ಅಂದರೆ 260ಕ್ಕೂ ಹೆಚ್ಚು ಜನರನ್ನು, ಸೆರೆಯ ಮೂರು ವರ್ಷ ಎಂಟು ತಿಂಗಳುಗಳು ಬಲಿ ತೆಗೆದುಕೊಂಡವು. ನಾರ್ತ್ ಪಾಯಿಂಟ್ ಮತ್ತು ಶಾಮ್ ಶೂಯಿ ಪೋ ಶಿಬಿರಗಳಲ್ಲಿ ಕೈದಿಗಳಿಗೆ ಸಿಕ್ಕಿದ್ದು ಹುಳು ಹಿಡಿದ ಅಕ್ಕಿಯ ಗಂಜಿ; ಬೆರಿಬೆರಿ ಮತ್ತು ಪೆಲಾಗ್ರ ರೋಗಗಳು ಮನೆಮಾಡಿದವು; 1942ರ ಕೊನೆಯ ತಿಂಗಳುಗಳಲ್ಲಿ ಗಂಟಲಮಾರಿ ಹರಡಿ ಔಷಧಿಯಿಲ್ಲದೆ ಹಲವರು ಸತ್ತರು. 1943ರ ಜನವರಿಯಿಂದ ನೂರಾರು ಮಂದಿಯನ್ನು ಜಪಾನಿಗೆ ಸಾಗಿಸಿ ಹಡಗುಕಟ್ಟೆಗಳಲ್ಲಿ, ಗಣಿಗಳಲ್ಲಿ, ನೀಗಾಟಾದ ಬಂದರಿನಲ್ಲಿ ದುಡಿಸಲಾಯಿತು. ಭಾರತೀಯ ಕೈದಿಗಳನ್ನು ಬೇರೆಯೇ ಶಿಬಿರದಲ್ಲಿಟ್ಟು, ಜಪಾನಿನ ಪರವಾಗಿ ತಿರುಗುವಂತೆ ಒತ್ತಡ ಹೇರಲಾಯಿತು. ರಜಪೂತ್ ಬೆಟಾಲಿಯನ್ನಿನ ಕ್ಯಾಪ್ಟನ್ ಮತೀನ್ ಅಹಮದ್ ಅನ್ಸಾರಿ ಅದನ್ನು ನಿರಾಕರಿಸಿ, ತಮ್ಮವರಿಗೂ ನಿರಾಕರಿಸುವಂತೆ ಹೇಳಿ, ತಪ್ಪಿಸಿಕೊಳ್ಳುವವರಿಗೆ ನೆರವಾಗಿ, ಚಿತ್ರಹಿಂಸೆಗೊಳಗಾಗಿ 1943ರ ಅಕ್ಟೋಬರಿನಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಮರಣಾನಂತರ ಅವರಿಗೆ ಬ್ರಿಟನ್ನಿನ ಉನ್ನತ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ದೊರೆಯಿತು.

ಹಾಂಗ್‌ಕಾಂಗ್ ಬಿದ್ದ ಮೇಲೂ ಇದೇ ಬಗೆಯ ಯೋಚನೆ ನಿಲ್ಲಲಿಲ್ಲ. ಬ್ರಿಟನ್ನಿನ 18ನೆಯ ಡಿವಿಜನ್ನಿನ ಮುಖ್ಯ ಭಾಗ ಸಿಂಗಪುರದಲ್ಲಿ ಇಳಿದದ್ದು 1942ರ ಜನವರಿಯ ಕೊನೆಯಲ್ಲಿ, ಸಿಂಗಪುರ ಶರಣಾದದ್ದು ಫೆಬ್ರವರಿ 15ರಂದು. ಅಲ್ಲಿ ಸೆರೆಸಿಕ್ಕ ಪಡೆಗಳಲ್ಲಿ ನಮ್ಮ ಮೈಸೂರು ಸಂಸ್ಥಾನದ ಒಂದನೆಯ ಇನ್ಫೆಂಟ್ರಿಯೂ ಇತ್ತು. ಆದುದರಿಂದ ದೂರದ ಠಾಣ್ಯಕ್ಕೆ ಹೋಗಿ ಕೈದಿಗಳಾದವರ ಈ ಕತೆ ಕನ್ನಡ ನಾಡಿನ ಮನೆಗಳಿಗೆ ಪೂರ್ತಿ ಹೊರಗಿನದೇನಲ್ಲ.

ಕೆನಡಾದಲ್ಲಿ ಪ್ರಶ್ನೆಗಳು ಬೇಗನೆ ಎದ್ದವು. 1942ರಲ್ಲಿ ಮುಖ್ಯ ನ್ಯಾಯಾಧೀಶ ಲೈಮನ್ ಡಫ್ ಅವರ ಏಕಸದಸ್ಯ ಆಯೋಗವನ್ನು ನೇಮಿಸಲಾಯಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ವಾಹನಗಳ ವಿಷಯದಲ್ಲಿ ಸೇನೆಯ ಸರಬರಾಜು ವಿಭಾಗ ಸಾಕಷ್ಟು ಚುರುಕಾಗಿರಲಿಲ್ಲ ಎಂಬ ಆಕ್ಷೇಪ ಬಿಟ್ಟರೆ, ಜೂನ್‌ನಲ್ಲಿ ಬಂದ ವರದಿ ಸರ್ಕಾರವನ್ನೂ ಸೇನಾ ಮುಖ್ಯಸ್ಥರನ್ನೂ ದೋಷಮುಕ್ತಗೊಳಿಸಿತು. ವಿಚಾರಣೆಯಲ್ಲಿ ವಿರೋಧ ಪಕ್ಷದ ಪರ ವಕೀಲರಾಗಿದ್ದ, ಒಂಟಾರಿಯೋ ಪ್ರಾಂತದ ನಾಯಕ ಜಾರ್ಜ್ ಡ್ರೂ ಅದನ್ನು ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ಸೆಪ್ಟೆಂಬರಿನಲ್ಲಿ ಒಟ್ಟಾವಾದ ಮುಂದಿದ್ದ ಮಾಹಿತಿಯಿಂದ ಯುದ್ಧ ಇಷ್ಟು ಬೇಗ ಬರುತ್ತದೆಂದು ಊಹಿಸುವುದು ಸಾಧ್ಯವಿರಲಿಲ್ಲ ಎಂಬ ಆಯೋಗದ ನಿಲುವಿನಲ್ಲಿ ಸತ್ಯಾಂಶವಿದೆ ಎಂದೇ ನನ್ನ ಭಾವನೆ. ಆದರೆ ಯಾವಾಗ ಬರುತ್ತದೆ ಎಂಬುದು ಒಂದು ಪ್ರಶ್ನೆ, ಬಂದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ನಕಾಶೆಯಲ್ಲಿಯೇ ಇತ್ತು, ಅದನ್ನು ಓದಲು ಗುಪ್ತಚರರ ಅಗತ್ಯವಿರಲಿಲ್ಲ. ‘ಪ್ರಯೋಜನವಿಲ್ಲವೆಂದು ಇದುವರೆಗೆ ಭಾವಿಸಿದ್ದೆವು’ ಎಂಬ ವಾಕ್ಯ ತಂತಿಯಲ್ಲಿಯೇ ಇದ್ದಾಗ, ಹಾಗೇಕೆ ಭಾವಿಸಿದ್ದಿರಿ ಎಂದು ಮರುತಂತಿಯಲ್ಲಿ ಕೇಳಬಹುದಾಗಿತ್ತು.

ಬದುಕಿ ಮರಳಿದವರಲ್ಲಿ ಬಹಳ ಮಂದಿ ದೃಷ್ಟಿದೋಷ, ನರದೌರ್ಬಲ್ಯ ಮತ್ತು ಕಾಲಿನ ಉರಿನೋವಿನೊಡನೆ ಉಳಿದ ಆಯುಷ್ಯವನ್ನು ಕಳೆದರು. ಜಪಾನಿನೊಡನೆ ಆದ ಶಾಂತಿ ಒಪ್ಪಂದ ಅವರ ಪರಿಹಾರದ ಬೇಡಿಕೆಗೆ ಅಡ್ಡಬಂದಿತು. ಕಡೆಗೆ 1998ರಲ್ಲಿ ಕೆನಡಾ ಸರ್ಕಾರವೇ, ಜಪಾನಿ ಶಿಬಿರಗಳಲ್ಲಿ ಮಾಡಿದ ದುಡಿಮೆಗಾಗಿ, ಬದುಕುಳಿದವರಿಗೆ ಮತ್ತು ವಿಧವೆಯರಿಗೆ ಹಣ ಪಾವತಿ ಮಾಡಿತು. 2011ರ ಡಿಸೆಂಬರ್ 8ರಂದು, ಕಾಯ್ ಟಾಕ್ ಮೇಲೆ ಬಾಂಬು ಬಿದ್ದು 70 ವರ್ಷ ತುಂಬಿದ ದಿನ, ಜಪಾನ್ ಸರ್ಕಾರದ ಪ್ರತಿನಿಧಿ ಟೋಕಿಯೋದಲ್ಲಿ ಆ ಎರಡು ಬೆಟಾಲಿಯನ್‌ಗಳ ಕೆಲವೇ ವೃದ್ಧರ ಮುಂದೆ ನಿಂತು ಕ್ಷಮೆ ಕೋರಿದರು.